ಮಗು ಚೆನ್ನಾಗಿದೆ, ಬಾಣಂತಿ ಹೇಗಿದ್ದಾಳೆ?

ಹೆರಿಗೆಯಾಗಿ ಎರಡು ತಿಂಗಳು ಕಳೆದಿದೆ. ಹೊಲಿಗೆ ಒಣಗಿದೆ, ಮಗು ತೂಕ ಹಿಡಿಯುತ್ತಿದೆ, ನೋಡಲು ಬಂದವರೆಲ್ಲ ‘ಕಷ್ಟ ಕಳೀತಲ್ಲ ಬಿಡು’ ಎಂದು ಹೇಳಿ ಹೋಗಿದ್ದಾರೆ. ಆದರೆ ನಿಮಗೆ ಕಣ್ಣು ಮುಚ್ಚಿದರೆ ಸಾಕು, ಆಪರೇಷನ್ ಥಿಯೇಟರಿನ ದೀಪ ಮುಖದ ಮೇಲೆ ಬಿದ್ದಂತಾಗುತ್ತದೆ. ಯಾರೋ ‘ಬಿಪಿ ಇಳೀತಿದೆ, ರಕ್ತ ತರಿಸಿ’ ಎಂದು ಕೂಗಿದ್ದು ಮತ್ತೆ ಕಿವಿಗೆ ಬೀಳುತ್ತದೆ. ನೆಲ ಒರೆಸುವ ಫಿನಾಯಿಲ್ ವಾಸನೆಗೆ ಎದೆ ಢವಗುಟ್ಟುತ್ತದೆ. ರಾತ್ರಿ ಮಗು ಮಲಗಿದರೂ ನಿಮಗೆ ನಿದ್ದೆಯಿಲ್ಲ. ಅದರ ಮೂಗಿನ ಹತ್ತಿರ ಬೆರಳಿಟ್ಟು ಉಸಿರಾಡುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುತ್ತೀರಿ. ಯಾರಿಗಾದರೂ ಹೇಳೋಣವೆಂದರೆ ‘ನಾವೆಲ್ಲ ಹೆತ್ತಿಲ್ವಾ?’ ಎಂದು ಬಿಟ್ಟಾರೆಂಬ ಅಳುಕು.

ಹೀಗಾಗುತ್ತಿದ್ದರೆ ಈ ಲೇಖನ ನಿಮಗಾಗಿ. ನಿಮ್ಮ ಮನೆಯ ಬಾಣಂತಿ ಹೀಗಿದ್ದಾಳೆ ಅನಿಸಿದರೆ ನಿಮಗೂ ಹೌದು. ಕಷ್ಟದ ಹೆರಿಗೆಯ ನಂತರ ಕೆಲವು ತಾಯಂದಿರನ್ನು ಕಾಡುವ ಈ ಸ್ಥಿತಿಯನ್ನು ವೈದ್ಯರು ಆಘಾತೋತ್ತರ ಒತ್ತಡ, ಅಂದರೆ ಪಿಟಿಎಸ್‌ಡಿ ಎನ್ನುತ್ತಾರೆ. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ.

1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಈ ಕಾಯಿಲೆಯನ್ನು ತನ್ನ ಪಟ್ಟಿಗೆ ಸೇರಿಸಿದಾಗ ಅವರ ಕಣ್ಣ ಮುಂದಿದ್ದವರು ಮುಖ್ಯವಾಗಿ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು. ಮನುಷ್ಯರ ಸಾಮಾನ್ಯ ಅನುಭವಕ್ಕೆ ಹೊರತಾದ ಘಟನೆ ನಡೆದಿರಬೇಕು ಎಂಬುದು ಅಂದಿನ ವಿವರಣೆ. ಹೆರಿಗೆ ದಿನನಿತ್ಯದ ಸಂಗತಿಯಾದ್ದರಿಂದ ತಾಯಂದಿರು ಆ ಲೆಕ್ಕಕ್ಕೆ ಬರಲೇ ಇಲ್ಲ. 1994ರ ಪರಿಷ್ಕರಣೆಯಲ್ಲಿ ಆ ಷರತ್ತನ್ನು ತೆಗೆದ ಮೇಲೆ ದಾರಿ ತೆರೆಯಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಹೆರಿಗೆಯಾದ ನೂರು ತಾಯಂದಿರಲ್ಲಿ ಸುಮಾರು 4 ಮಂದಿಗೆ ಈ ತೊಂದರೆ ಇರುತ್ತದೆ. ತುರ್ತು ಸಿಸೇರಿಯನ್, ದಿನ ತುಂಬದ ಹೆರಿಗೆ, ಗರ್ಭಿಣಿಯಾಗಿದ್ದಾಗ ತೀವ್ರ ತೊಡಕು ಇಂಥವನ್ನು ಕಂಡವರಲ್ಲಿ ಈ ಸಂಖ್ಯೆ ನೂರಕ್ಕೆ 18ರ ಆಸುಪಾಸು.

ನೆನಪು ಯಾಕೆ ಹಿಂದೆ ಸರಿಯುವುದಿಲ್ಲ?

‘ಹೆರಿಗೆ ಅಂದರೆ ಹೆಣ್ಣಿಗೆ ಮರುಹುಟ್ಟು’ ಎಂದು ನಮ್ಮ ಅಜ್ಜಿಯರು ಸುಮ್ಮನೆ ಹೇಳಲಿಲ್ಲ. ಜೀವ ಹೋಗಬಹುದಿತ್ತು ಎಂಬುದನ್ನು ಆ ಮಾತು ಒಪ್ಪಿಕೊಳ್ಳುತ್ತದೆ. ‘ನಾನು ಸತ್ತೇಹೋಗುತ್ತೇನೆ’ ಅಥವಾ ‘ಮಗು ಉಳಿಯಲ್ಲ’ ಎಂದು ನಿಜವಾಗಿ ಅನಿಸಿದ ಗಳಿಗೆಯಲ್ಲಿ ಮಿದುಳು ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ. ಅಪಾಯವನ್ನು ಗುರುತಿಸುವ ಅಮಿಗ್ಡಾಲ ಎಂಬ ಭಾಗ ಜೋರಾಗುತ್ತದೆ. ನಡೆದದ್ದಕ್ಕೆ ಹೊತ್ತು, ಜಾಗ, ಮೊದಲು–ಕೊನೆ ಎಂಬ ಕ್ರಮ ಕೊಡುವ ಹಿಪೋಕ್ಯಾಂಪಸ್ ಮಂಕಾಗುತ್ತದೆ. ಹಾಗಾಗಿ ನೆನಪು ಕಥೆಯಾಗಿ ಕೂರದೆ ವಾಸನೆ, ಸದ್ದು, ಬೆಳಕು, ಮೈಮೇಲಿನ ಮುಟ್ಟುವಿಕೆ ಎಂದು ಚೂರುಚೂರಾಗಿ ಉಳಿಯುತ್ತದೆ. ಅಂಥ ಒಂದು ಚೂರನ್ನು ಇವತ್ತು ಯಾವುದಾದರೂ ಕೆಣಕಿದರೆ, ಅದು ಮುಗಿದ ಕಥೆ ಎಂದು ಮಿದುಳಿಗೆ ತಿಳಿಯುವುದಿಲ್ಲ. ಈಗಲೇ ನಡೆಯುತ್ತಿದೆ ಎಂದು ಮೈ ನಡುಗುತ್ತದೆ.

ತಾಯಂದಿರ ವಿಷಯದಲ್ಲಿ ಇನ್ನೊಂದು ಕಷ್ಟ ಇದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಸ್ ಅಪಘಾತದಲ್ಲಿ ಬದುಕುಳಿದವರು ಕೆಲವು ಕಾಲ ಆ ರಸ್ತೆಗೇ ಹೋಗದೆ ಇರಬಹುದು. ತಾಯಿಗೆ ಆ ಅವಕಾಶವಿಲ್ಲ. ನೆನಪನ್ನು ಕೆಣಕುವ ಜೀವವೇ ಅವಳ ಮಡಿಲಲ್ಲಿದೆ, ಎರಡು ಗಂಟೆಗೊಮ್ಮೆ ಹಾಲಿಗಾಗಿ ಅಳುತ್ತದೆ. ಹೀಗಾಗಿ ಕೆಲವರಿಗೆ ಮಗುವನ್ನು ಎತ್ತಿಕೊಂಡಾಗ ಏನೂ ಅನಿಸುವುದಿಲ್ಲ. ‘ಇದು ನನ್ನ ಮಗುವೇ ಅಲ್ಲವೇನೋ’ ಎಂಬ ಪರಕೀಯತೆ ಬರುತ್ತದೆ, ಅದರ ಹಿಂದೆಯೇ ‘ನಾನೆಂಥ ತಾಯಿ’ ಎಂಬ ನಾಚಿಕೆ. ಇನ್ನು ಕೆಲವರು ಉಲ್ಟಾ: ಮಗುವನ್ನು ಒಂದು ನಿಮಿಷವೂ ಬೇರೆಯವರ ಕೈಗೆ ಕೊಡುವುದಿಲ್ಲ. ಎರಡೂ ಅದೇ ಗಾಯದ ಲಕ್ಷಣ. ಪ್ರೀತಿ ಕಡಿಮೆ, ಹೆಚ್ಚು ಎಂಬುದರ ಅಳತೆ ಅಲ್ಲವೇ ಅಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಮನೆಯವರು ತಿಳಿಯಬೇಕಾದ ಮಾತು ಇದು: ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ನಾರ್ಮಲ್ ಡೆಲಿವರಿ’ ಎಂದಿದ್ದರೂ ಪಿಟಿಎಸ್‌ಡಿ ಬರಬಹುದು. ಎಷ್ಟು ರಕ್ತ ಹೋಯಿತು, ಎಷ್ಟು ಹೊಲಿಗೆ ಬಿತ್ತು ಎಂಬುದರ ಜೊತೆಗೆ, ಆ ಹೊತ್ತಿನಲ್ಲಿ ಅವಳಿಗೆ ಎಷ್ಟು ಅಸಹಾಯಕತೆ ಅನಿಸಿತು, ಸುತ್ತಲಿದ್ದವರು ಅವಳನ್ನು ಹೇಗೆ ನಡೆಸಿಕೊಂಡರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಏನು ಮಾಡುತ್ತಿದ್ದೇವೆಂದು ಹೇಳದೆ ಪರೀಕ್ಷೆ ಮಾಡುವುದು, ಕೂಗಿದ್ದಕ್ಕೆ ಬೈಯುವುದು, ತೊಡೆಗೆ ಹೊಡೆಯುವುದು, ಒಂಟಿಯಾಗಿ ಬಿಟ್ಟುಹೋಗುವುದು – ಇವೆಲ್ಲ ನಡೆಯುತ್ತಿವೆ ಎಂದು ಒಪ್ಪಿಕೊಂಡೇ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಇದರ ವಿರುದ್ಧ ಹೇಳಿಕೆ ಹೊರಡಿಸಿತು. ನಮ್ಮ ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮವೂ ಹೆರಿಗೆ ಕೋಣೆಯಲ್ಲಿ ತಾಯಿಯನ್ನು ಗೌರವದಿಂದ ಕಾಣಬೇಕೆಂದು ಹೇಳುತ್ತದೆ. ನಿಮಗೆ ಅವಮಾನವಾಗಿದ್ದರೆ ಅದನ್ನು ‘ಸಣ್ಣ ವಿಷಯ’ ಎಂದು ನೀವೇ ತಳ್ಳಿಹಾಕಬೇಡಿ.

ಗುರುತಿಸುವುದು ಹೇಗೆ?

ನಾಲ್ಕು ಬಗೆಯ ಲಕ್ಷಣಗಳನ್ನು ವೈದ್ಯರು ನೋಡುತ್ತಾರೆ.

1. ಮರುಕಳಿಸುವುದು: ಬೇಡವೆಂದರೂ ಬರುವ ದೃಶ್ಯಗಳು, ಕೆಟ್ಟ ಕನಸು, ಮತ್ತೆ ಅಲ್ಲೇ ಇದ್ದಂತಾಗುವುದು.

2. ತಪ್ಪಿಸಿಕೊಳ್ಳುವುದು: ಇದು ಎಲ್ಲಕ್ಕಿಂತ ಸುಲಭವಾಗಿ ಕಣ್ಣು ತಪ್ಪುತ್ತದೆ. ಲಸಿಕೆಯ ದಿನ ನೋಡಿ. ಆರು ವಾರದ ಚುಚ್ಚುಮದ್ದಿಗೆ ಹೊರಡುವ ಹೊತ್ತಿಗೆ ಬಾಣಂತಿಗೆ ತಲೆನೋವು. ‘ಅತ್ತೆ, ನೀವೇ ಕರ್ಕೊಂಡು ಹೋಗಿಬಿಡಿ’ ಎನ್ನುತ್ತಾಳೆ. ಹತ್ತನೇ ವಾರಕ್ಕೆ ಮತ್ತೆ ತಲೆನೋವು, ಹದಿನಾಲ್ಕನೇ ವಾರಕ್ಕೆ ಹೊಟ್ಟೆನೋವು. ತನ್ನದೇ ತಪಾಸಣೆಗೂ ಹೋಗಿಲ್ಲ. ಮನೆಯವರು ಸೋಮಾರಿತನ ಎನ್ನುತ್ತಾರೆ. ಅವಳು ಆ ಆಸ್ಪತ್ರೆಯ ಗೇಟನ್ನು ದಾಟಲಾರದೆ ಒದ್ದಾಡುತ್ತಿರುತ್ತಾಳೆ. ಗಂಡ ಹತ್ತಿರ ಬಂದರೆ ಹೆದರುವುದು, ಗೆಳತಿಯ ಸೀಮಂತಕ್ಕೆ ಹೋಗಲು ಒಲ್ಲೆನೆನ್ನುವುದೂ ಇದೇ ಬಗೆ.

3. ಯೋಚನೆ, ಭಾವನೆ ಬದಲಾಗುವುದು: ‘ನನ್ನಿಂದಲೇ ಹೀಗಾಯಿತು, ನಾನು ಸರಿಯಾಗಿ ಮುಕ್ಕಲಿಲ್ಲ’ ಎಂಬ ತಪ್ಪಿತಸ್ಥ ಭಾವ, ಯಾರ ಮೇಲೂ ನಂಬಿಕೆಯಿಲ್ಲದಿರುವುದು, ಮನಸ್ಸು ಮರಗಟ್ಟುವುದು, ಹೆರಿಗೆಯ ಕೆಲವು ಭಾಗ ನೆನಪೇ ಇಲ್ಲದಿರುವುದು.

4. ಸದಾ ಎಚ್ಚರದಲ್ಲಿರುವುದು: ಪಾತ್ರೆ ಬಿದ್ದರೆ ಬೆಚ್ಚಿಬೀಳುವುದು, ಸಿಡುಕು, ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು.

ಇವು ಒಂದು ತಿಂಗಳಿಗಿಂತ ಹೆಚ್ಚು ಇದ್ದು, ದಿನದ ಬದುಕಿಗೆ ಅಡ್ಡಿಯಾದರೆ ಪಿಟಿಎಸ್‌ಡಿ ಇರಬಹುದು. ಮೊದಲ ಕೆಲವು ವಾರ ಇಂಥ ನೆನಪು ಬರುವುದು ಸಹಜ. ಬಹಳಷ್ಟು ಜನರಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಈ ತಿಂಗಳ ಲೆಕ್ಕದಲ್ಲೇ ಒಂದು ತೊಡಕಿದೆ. ಆಶಾ ಕಾರ್ಯಕರ್ತೆ ಮನೆಗೆ ಬರುವ ದಿನಗಳು 3, 7, 14, 21, 28 ಮತ್ತು 42. ಕಾಯಿಲೆ ಸ್ಪಷ್ಟವಾಗುವ ಹೊತ್ತಿಗೆ ಆ ಭೇಟಿಗಳು ಮುಗಿಯುತ್ತಾ ಬಂದಿರುತ್ತವೆ. ಮುಂದಿನ ಭೇಟಿ ಮಗುವಿಗೆ ಮೂರು ತಿಂಗಳಾದಾಗ, ಅದೂ ಮಗುವಿಗಾಗಿ. ಆದ್ದರಿಂದ 42ನೇ ದಿನದ ಭೇಟಿಯನ್ನು ಬಿಡಬೇಡಿ. ಮಗುವಿನ ತೂಕ ನೋಡಿಯಾದ ಮೇಲೆ ‘ಅಕ್ಕಾ, ನಂದೂ ಒಂದು ವಿಷಯ ಇದೆ’ ಎಂದು ಕೂರಿಸಿಕೊಂಡು ಹೇಳಿ.

ಹೆರಿಗೆಯಾದ ಮೂರನೇ, ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬಂದು ಎರಡು ವಾರದೊಳಗೆ ಹೋಗುವುದು ಬೇರೆ. ಅದಕ್ಕೆ ಆರೈಕೆ ಸಾಕು. ಬಾಣಂತಿಯ ಖಿನ್ನತೆ ಕೂಡ ಬೇರೆ, ಆದರೆ ಎಷ್ಟೋ ಸಲ ಪಿಟಿಎಸ್‌ಡಿ ಜೊತೆಯಲ್ಲೇ ಬರುತ್ತದೆ. ಆಸ್ಪತ್ರೆಗಳಲ್ಲಿ ಖಿನ್ನತೆ ಪತ್ತೆಗೆ ಬಳಸುವ ಎಡಿನ್‌ಬರೋ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳಲ್ಲಿ ಹೆರಿಗೆಯ ನೆನಪಿನ ಬಗ್ಗೆ ಒಂದೂ ಇಲ್ಲ. ‘ಖಿನ್ನತೆ ಇಲ್ಲ’ ಎಂದು ಬರೆದುಕೊಟ್ಟರೂ ದೃಶ್ಯಗಳು ಕಾಡುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಹಾಗೆಯೇ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಕ್ತಹೀನತೆ ಸುಸ್ತು ತರುತ್ತದೆ, ಥೈರಾಯ್ಡ್ ಏರುಪೇರು ಎದೆಬಡಿತ, ನಿದ್ದೆಗೇಡು ತರುತ್ತದೆ.

ಏನು ಮಾಡಬೇಕು?

1. ಮೊದಲ ತಿಂಗಳು: ನಿದ್ದೆ, ಊಟ, ನಂಬಿಕೆಯ ಒಬ್ಬರು. ಆಘಾತದ ನೆನಪು ತಣ್ಣಗಾಗಲು ನಿದ್ದೆ ಬೇಕು. ಬಾಣಂತಿ ಒಂದೇ ಪಟ್ಟಿನಲ್ಲಿ ನಾಲ್ಕು ಗಂಟೆ ಮಲಗುವ ಹಾಗೆ ಮನೆಯವರು ಪಾಳಿ ಹಂಚಿಕೊಳ್ಳಲಿ. ಹಿಂಡಿಟ್ಟ ಎದೆಹಾಲನ್ನು ಒಂದು ಸರದಿ ಗಂಡನೋ ತಾಯಿಯೋ ಕುಡಿಸಬಹುದು. ನಮ್ಮ ಬಾಣಂತನ ಪದ್ಧತಿಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ: ತವರು, ಬಿಸಿಯೂಟ, ಜೊತೆಗೆ ಜನ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಮಲಗಿದರೆ ಅದೇ ದೃಶ್ಯ ತಿರುಗುತ್ತಲೇ ಇರುತ್ತದೆ. ಬೆಳಕು ಬರಲಿ, ಮನೆಯೊಳಗೆ ಓಡಾಡಲಿ. ಎಣ್ಣೆ ನೀರಿನ ಸ್ನಾನದ ಬಗ್ಗೆಯೂ ಒಂದು ಮಾತು. ನೀರು ಹಾಕಲು ಬರುವ ಅಜ್ಜಿ ಹೊಟ್ಟೆ ಒತ್ತಿದಾಗ, ಕಾಲು ಅಗಲಿಸು ಎಂದಾಗ ಅವಳ ಮೈ ಸೆಟೆದುಕೊಂಡರೆ ನಿಲ್ಲಿಸಿ. ಸಿಸೇರಿಯನ್ ಆದವರಿಗಂತೂ ಹೊಟ್ಟೆ ಒತ್ತಲೇಬಾರದು. ‘ಬೆನ್ನಿಗೆ ಹಚ್ಚಲಾ? ಬೇಡವಾದರೆ ಹೇಳು’ ಎಂದು ಕೇಳಿ ಮುಟ್ಟಿದರೆ, ತನ್ನ ಮೈ ತನ್ನ ಮಾತು ಕೇಳುತ್ತದೆ ಎಂಬ ಭರವಸೆ ಅವಳಿಗೆ ಮರಳುತ್ತದೆ. ಹೆರಿಗೆ ಕೋಣೆಯಲ್ಲಿ ಕಳೆದುಹೋದದ್ದು ಅದೇ ಭರವಸೆ.

2. ದೃಶ್ಯ ನುಗ್ಗಿದ ಗಳಿಗೆಯಲ್ಲಿ. ಮಿದುಳು ‘ಆಗ’ವನ್ನು ‘ಈಗ’ ಎಂದು ತಪ್ಪಾಗಿ ತಿಳಿದಿರುವುದರಿಂದ ಅದಕ್ಕೆ ಈಗಿನ ಗುರುತು ಕೊಡಬೇಕು. ಎರಡೂ ಪಾದ ನೆಲಕ್ಕೆ ಒತ್ತಿ. ಕಾಣುವ ಐದು ವಸ್ತು, ಮುಟ್ಟಬಲ್ಲ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಹೆಸರಿಸಿ: ತೊಟ್ಟಿಲು, ಕ್ಯಾಲೆಂಡರ್, ಸೀರೆಯ ಅಂಚು, ಕುಕ್ಕರ್ ಸೀಟಿ, ಸಾಂಬ್ರಾಣಿ… ಆಮೇಲೆ ಗಟ್ಟಿಯಾಗಿ ಹೇಳಿ: ‘ಇವತ್ತು ಇಂಥ ತಾರೀಖು, ನಾನು ಅಮ್ಮನ ಮನೆಯಲ್ಲಿದ್ದೇನೆ, ಆಪರೇಷನ್ ಮುಗಿದಿದೆ.’ ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿರಲಿ. ಕಣ್ಣು ತೆರೆದೇ ಇರಲಿ. ಧ್ಯಾನ ಒಳ್ಳೆಯದೆಂದು ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ದೃಶ್ಯ ಇನ್ನೂ ಹೆಚ್ಚುತ್ತದೆ. ಇದು ಆ ಗಳಿಗೆ ದಾಟಿಸುವ ಉಪಾಯ ಮಾತ್ರ, ಕಾಯಿಲೆ ವಾಸಿಮಾಡುವುದಿಲ್ಲ.

3. ಏನಾಯಿತೆಂದು ತಿಳಿದುಕೊಳ್ಳಿ, ನಿಮಗೆ ಬೇಕೆನಿಸಿದಾಗ. ಅರಿವಳಿಕೆಯಲ್ಲಿ, ರಕ್ತ ಹೋಗುತ್ತಿದ್ದಾಗ ನಡೆದದ್ದು ನಿಮಗೆ ಗೊತ್ತಿರುವುದಿಲ್ಲ. ಆ ಖಾಲಿ ಜಾಗವನ್ನು ಮನಸ್ಸು ಭಯದಿಂದ, ಸ್ವಂತ ತಪ್ಪಿನಿಂದ ತುಂಬಿಕೊಳ್ಳುತ್ತದೆ. ನಿಮ್ಮ ಕೇಸ್ ಶೀಟ್ ಪ್ರತಿ ಕೇಳಿ ಪಡೆಯಬಹುದು. ಅರ್ಜಿ ಕೊಟ್ಟ 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಅದನ್ನು ಒಬ್ಬರೇ ಓದಬೇಡಿ. ನಂಬಿಕೆಯ ಪ್ರಸೂತಿ ತಜ್ಞರ ಮುಂದಿಟ್ಟು ‘ಗರ್ಭಕೋಶ ಯಾಕೆ ಬಿಗಿಯಲಿಲ್ಲ? ನಾನು ಬೇರೆ ಏನಾದರೂ ಮಾಡಬಹುದಿತ್ತೇ?’ ಎಂದು ಕೇಳಿ. ಅದರಲ್ಲಿ ನಿಮ್ಮ ತಪ್ಪೇನೂ ಇರಲಿಲ್ಲ ಎಂದು ಅವರ ಬಾಯಿಂದ ಕೇಳಿದರೆ ಎಷ್ಟೋ ಭಾರ ಇಳಿಯುತ್ತದೆ.

4. ಒಂದು ತಿಂಗಳು ದಾಟಿಯೂ ಇಳಿಯದಿದ್ದರೆ ಚಿಕಿತ್ಸೆ. ತೀರಾ ಕಾಡುತ್ತಿದ್ದರೆ ಅಷ್ಟು ದಿನವೂ ಕಾಯಬೇಡಿ. ಹೆಚ್ಚು ಆಧಾರವಿರುವ ಚಿಕಿತ್ಸೆಗಳು ಎರಡು. ಆಘಾತ ಕೇಂದ್ರಿತ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ತರಬೇತಾದ ಮನಶ್ಶಾಸ್ತ್ರಜ್ಞರು ನೆನಪಿನ ಚೂರುಗಳನ್ನು ನಿಧಾನವಾಗಿ, ಸುರಕ್ಷಿತವಾಗಿ ಒಂದು ಕಥೆಯಾಗಿ ಜೋಡಿಸಲು ನೆರವಾಗುತ್ತಾರೆ. ಆಸ್ಪತ್ರೆಯ ಗೇಟಿನವರೆಗೆ, ಆಮೇಲೆ ಹೊರರೋಗಿ ವಿಭಾಗದವರೆಗೆ, ಹೀಗೆ ಹೆಜ್ಜೆ ಹೆಜ್ಜೆಯಾಗಿ ತಪ್ಪಿಸಿಕೊಳ್ಳುವುದನ್ನು ಬಿಡಿಸುತ್ತಾರೆ. ಇಎಂಡಿಆರ್ ಎಂಬ ಇನ್ನೊಂದು ವಿಧಾನದಲ್ಲಿ ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಎರಡಕ್ಕೂ ಸಾಮಾನ್ಯವಾಗಿ ವಾರಕ್ಕೊಂದರಂತೆ ಹಲವು ಭೇಟಿ ಬೇಕು.

ಔಷಧಿ ಎಂದಾಕ್ಷಣ ಬರುವ ಮೊದಲ ಪ್ರಶ್ನೆ, ‘ಹಾಲು ಕುಡಿಸಬಹುದಾ?’ ಬಹಳಷ್ಟು ಸಲ ಕುಡಿಸಬಹುದು. ಉದಾಹರಣೆಗೆ ಸರ್ಟ್ರಾಲಿನ್ ಎದೆಹಾಲಿಗೆ ತೀರಾ ಕಡಿಮೆ ಪ್ರಮಾಣದಲ್ಲಿ ಸೇರುತ್ತದೆ. ಬೇಕೇ, ಎಷ್ಟು ಬೇಕು ಎಂಬುದು ಮನೋವೈದ್ಯರ ತೀರ್ಮಾನ. ಶುರುಮಾಡಿದ್ದನ್ನು ನೀವಾಗಿ ನಿಲ್ಲಿಸಬೇಡಿ.

ಎಲ್ಲಿಗೆ ಹೋಗಬೇಕು?

ಮೊದಲ ಹೆಜ್ಜೆಗೆ ಫೋನ್ ಸಾಕು. ಟೆಲಿ ಮನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿ ಹಾಲು ಕುಡಿಸಲು ಎದ್ದಾಗಲೂ ಸಿಗುತ್ತದೆ. ರಾಜ್ಯದ ಆರೋಗ್ಯ ಸಹಾಯವಾಣಿ 104. ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಿರುತ್ತಾರೆ. ದೇಶಕ್ಕೆಲ್ಲ ಹಬ್ಬಿದ ಆ ಕಾರ್ಯಕ್ರಮಕ್ಕೆ ಮಾದರಿ ಒದಗಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯೇ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ ಮತ್ತು ಬಾಣಂತಿಯರ ಮಾನಸಿಕ ಆರೋಗ್ಯಕ್ಕೇ ಪ್ರತ್ಯೇಕ ಸೇವೆಯಿದೆ. 2009ರಿಂದ ಅಲ್ಲಿ ತಾಯಿ ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಾರ್ಡ್ ನಡೆಯುತ್ತಿದೆ. ‘ಅಡ್ಮಿಟ್ ಮಾಡಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ’ ಎಂಬ ಹೆದರಿಕೆ ಬೇಡ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ.

ವೈದ್ಯರ ಮುಂದೆ ಮಾತು ಹೊರಡುವುದಿಲ್ಲ ಅನಿಸಿದರೆ ಚೀಟಿಯಲ್ಲಿ ನಾಲ್ಕು ಸಾಲು ಬರೆದು ಕೊಡಿ: ‘ನನ್ನ ಹೆರಿಗೆ ಕಷ್ಟವಾಗಿತ್ತು. ಆ ದೃಶ್ಯಗಳು ದಿನಾ ಬರುತ್ತವೆ. ಆಸ್ಪತ್ರೆಗೆ ಬರಲು ಭಯ. ಹೀಗಾಗಿ ಇಷ್ಟು ವಾರವಾಯಿತು.’

ಮನೆಯವರು ಮಾಡುವ ತಪ್ಪುಗಳು

• ‘ಮಗು ಚೆನ್ನಾಗಿದೆಯಲ್ಲ, ಮರೆತುಬಿಡು.’ ಮಗು ಬದುಕಿದ್ದಕ್ಕೆ ಅವಳಿಗೆ ನಿಮಗಿಂತ ಹೆಚ್ಚು ಸಂತೋಷವಿದೆ. ಆ ಸಂತೋಷದಿಂದ ಭಯ ಅಳಿಸಿಹೋಗುವುದಿಲ್ಲ. ಎರಡೂ ಒಟ್ಟಿಗೇ ಇರುತ್ತವೆ. ‘ನಿನಗೆ ತುಂಬಾ ಹೆದರಿಕೆ ಆಗಿತ್ತಲ್ವಾ?’ ಎಂದು ಕೇಳಿ, ಆಮೇಲೆ ಸುಮ್ಮನಿದ್ದು ಕೇಳಿಸಿಕೊಳ್ಳಿ.

• ಬಂದವರಿಗೆಲ್ಲ ಕಥೆ ಹೇಳಿಸುವುದು. ತೊಟ್ಟಿಲ ಶಾಸ್ತ್ರಕ್ಕೆ ಬಂದ ಪ್ರತಿಯೊಬ್ಬರೂ ‘ಏನಾಯ್ತಮ್ಮಾ ಹೇಳು’ ಎಂದು ಕೂರುತ್ತಾರೆ. ಒತ್ತಾಯದಿಂದ ಹೇಳಿಸುವುದು ಗಾಯವನ್ನು ಕೆದಕುತ್ತದೆ. ಹೆರಿಗೆಯಾದ ಕೂಡಲೇ ಒಂದೇ ಸಲಕ್ಕೆ ಎಲ್ಲವನ್ನೂ ಮರುಅನುಭವಿಸುವಂತೆ ಹೇಳಿಸುವ ಆಪ್ತಸಮಾಲೋಚನೆಯನ್ನು ಬ್ರಿಟನ್ನಿನ ಆರೋಗ್ಯ ಸಂಸ್ಥೆ ‘ನೈಸ್’ನ ಮಾರ್ಗಸೂಚಿಯೇ ಬೇಡವೆನ್ನುತ್ತದೆ. ಅತಿಥಿಗಳನ್ನು ಬಾಗಿಲಲ್ಲೇ ತಡೆದು ‘ಹೆರಿಗೆ ವಿಷಯ ಕೇಳಬೇಡಿ’ ಎನ್ನುವ ಕೆಲಸ ಗಂಡನದು.

• ದೃಷ್ಟಿ, ಗಾಳಿ ಎಂದು ತಿಂಗಳುಗಟ್ಟಲೆ ಕಾಯುವುದು. ದೇವರಿಗೆ ಹರಕೆ ಹೊತ್ತುಕೊಳ್ಳಿ, ತಾಯತ ಕಟ್ಟಿಸಿ, ಆದರೆ ಅದೇ ವಾರ ವೈದ್ಯರನ್ನೂ ಕಾಣಿ.

• ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತರುವುದು. ಆಲ್ಪ್ರಜೋಲಾಮ್‌ನಂಥ ಮಾತ್ರೆಗಳು ಪಿಟಿಎಸ್‌ಡಿ ವಾಸಿಮಾಡುವುದಿಲ್ಲ, ಅಭ್ಯಾಸ ಹಿಡಿಸುತ್ತವೆ. ಅದನ್ನು ನುಂಗಿ ಮಗುವಿನ ಪಕ್ಕ ಮಲಗಿದರೆ ಮಗುವಿನ ಜೀವಕ್ಕೇ ಅಪಾಯ.

• ಗಂಡನನ್ನು ಮರೆಯುವುದು. ಥಿಯೇಟರಿನ ಹೊರಗೆ ರಕ್ತಕ್ಕಾಗಿ ಓಡಾಡಿದವನಿಗೂ ಇದೇ ಲಕ್ಷಣಗಳು ಬರಬಹುದು. ಅವನೂ ಹೇಳಿಕೊಳ್ಳುವುದಿಲ್ಲ.

• ಮಗುವಿನ ಮೊದಲ ಹುಟ್ಟುಹಬ್ಬ. ಎಲ್ಲರಿಗೂ ಹಬ್ಬ, ತಾಯಿಗೆ ಆ ದಿನದ ನೆನಪು. ಕೆಲವು ವಾರ ಮೊದಲಿನಿಂದಲೇ ನಿದ್ದೆ ಕೆಡಬಹುದು. ದೊಡ್ಡ ಸಮಾರಂಭ ಬೇಡವೆಂದರೆ ಒಪ್ಪಿಕೊಳ್ಳಿ.

ತಡಮಾಡಬಾರದ ಲಕ್ಷಣಗಳು

ಸಾಯಬೇಕೆಂಬ ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆಂಬ ಯೋಚನೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅಲ್ಲಿಯವರೆಗೆ ಅವಳನ್ನು ಒಬ್ಬಳೇ ಬಿಡಬೇಡಿ. ಯಾರೂ ಇಲ್ಲದೆ ಮಾತು ಕೇಳಿಸುವುದು, ‘ಮಗು ಬದಲಾಗಿದೆ’, ‘ದೇವರು ಆಜ್ಞೆ ಕೊಟ್ಟಿದ್ದಾನೆ’ ಎಂಬಂಥ ಮಾತು, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಸುಸ್ತಾಗದಿರುವುದು ಬಾಣಂತಿ ಸನ್ನಿಯ ಲಕ್ಷಣ. ಇದು ಸಾವಿರ ಹೆರಿಗೆಗೆ ಒಂದೆರಡು ಮಾತ್ರ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ, ಹೃದಯಾಘಾತದಷ್ಟೇ ತುರ್ತು. ಆಂಬುಲೆನ್ಸ್‌ಗೆ 108.

ಮುಂದಿನ ಬಸಿರು

ಪಿಟಿಎಸ್‌ಡಿ ಅನುಭವಿಸಿದ ಎಷ್ಟೋ ಮಂದಿ ಎರಡನೇ ಮಗುವೇ ಬೇಡವೆನ್ನುತ್ತಾರೆ. ಬೇಡವೆಂಬುದು ನಿಮ್ಮ ಇಷ್ಟವಾದರೆ ಸರಿ. ಬೇಕಿದ್ದೂ ಭಯದಿಂದ ಬಿಡುತ್ತಿದ್ದರೆ, ಬಸಿರಿಗೆ ಮೊದಲೇ ಚಿಕಿತ್ಸೆ ಪಡೆದುಕೊಳ್ಳಿ.

ತಪಾಸಣೆಯ ಮೊದಲ ಭೇಟಿಯಲ್ಲೇ ಹಿಂದಿನ ಹೆರಿಗೆಯ ವಿಷಯ ಹೇಳಿ, ‘ತಾಯಿ ಕಾರ್ಡ್’ನಲ್ಲಿ ಬರೆಸಿ. ಹೆರಿಗೆ ಹೊತ್ತಿಗೆ ಜೊತೆಯಲ್ಲಿ ಯಾರಿರಬೇಕೆಂದು ಮುಂಚೆಯೇ ಕೇಳಿಕೊಳ್ಳಿ. ಹೆರಿಗೆ ಅನುಭವವಿರುವ ಒಬ್ಬ ಹೆಂಗಸು ಜೊತೆಗಿರಲು ಸರ್ಕಾರಿ ಆಸ್ಪತ್ರೆಗಳಲ್ಲೂ 2016ರಿಂದ ಅವಕಾಶವಿದೆ. ಮರೆ ಇರುವ ಕೋಣೆಗಳಲ್ಲಿ ಗಂಡನಿಗೂ ಇದೆ. ನೋವು ಕಡಿಮೆ ಮಾಡುವ ಎಪಿಡ್ಯೂರಲ್ ಸಿಗುತ್ತದೆಯೇ, ಮೊದಲೇ ನಿಗದಿಮಾಡಿದ ಸಿಸೇರಿಯನ್ ನಿಮಗೆ ಸರಿಹೋಗುತ್ತದೆಯೇ ಎಂದು ವೈದ್ಯರೊಂದಿಗೆ ಕೂತು ಮಾತಾಡಿ. ನಿಮ್ಮ ಬೇಡಿಕೆಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ: ಮುಟ್ಟುವ ಮೊದಲು ಹೇಳಿ, ಪ್ರತಿ ಹಂತದಲ್ಲೂ ಏನಾಗುತ್ತಿದೆ ಎಂದು ತಿಳಿಸಿ, ಮಗುವನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ (ಎನ್‌ಐಸಿಯು) ಒಯ್ಯಬೇಕಾದರೆ ಮೊದಲು ಒಮ್ಮೆ ಮುಖ ತೋರಿಸಿ. ಆ ಹಾಳೆಯ ಫೋಟೋ ಗಂಡನ ಮೊಬೈಲಿನಲ್ಲೂ ಇರಲಿ. ಡ್ಯೂಟಿ ಬದಲಾಗಿ ಹೊಸ ಸಿಸ್ಟರ್ ಬಂದಾಗ ಅವರಿಗೂ ತೋರಿಸಬೇಕಾಗುತ್ತದೆ.